ಒಂದು ಸುರುಳಿಯೋ, ಎರಡು ಸುರುಳಿಯೋ?

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುಚ್ಛಕ್ತಿಯ ಪಾಠ ಮುಗಿದ ಮೇಲೆ ಅಭ್ಯಾಸಕ್ಕೆಂದು ಕೊಟ್ಟಿರುವ ಲೆಕ್ಕಗಳಲ್ಲಿ ಒಂದು ಹೀಗಿದೆ: 220 ವೋಲ್ಟ್ ಸಂಪರ್ಕವಿರುವ ಒಂದು ವಿದ್ಯುತ್ ಒಲೆ, ಅದರಲ್ಲಿ ತಲಾ 24 ಓಮ್ ರೋಧದ ಎರಡು ತಂತಿಸುರುಳಿಗಳು. ಒಂದನ್ನೇ ಬಳಸಿದರೆ ಎಷ್ಟು ವಿದ್ಯುತ್ ಹರಿಯುತ್ತದೆ, ಎರಡನ್ನೂ ಸರಣಿಯಲ್ಲಿ ಜೋಡಿಸಿದರೆ ಎಷ್ಟು, ಸಮಾಂತರವಾಗಿ ಜೋಡಿಸಿದರೆ ಎಷ್ಟು? ಉತ್ತರ ಕ್ರಮವಾಗಿ 9.17, 4.58 ಮತ್ತು 18.33 ಆಂಪಿಯರ್. ಮಕ್ಕಳು ಇದನ್ನು ಅಂಕಕ್ಕಾಗಿ ಬಿಡಿಸುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆತುಬಿಡುತ್ತಾರೆ. ವಿದ್ಯುತ್ ಒಲೆ ಈಗ ಎಷ್ಟು ಮನೆಗಳಲ್ಲಿ ಉಳಿದಿದೆ, ಅದೂ ಎರಡು ಸುರುಳಿಯದು?

ಆದರೆ ಈ ಲೆಕ್ಕ ಮರೆತವರನ್ನು ಬೇರೆ ವೇಷದಲ್ಲಿ ಬಂದು ಭೇಟಿಯಾಗುವುದುಂಟು.

ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯ ಹುಡುಗನೊಬ್ಬ ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟಿದ್ದಾನೆ ಎಂದಿಟ್ಟುಕೊಳ್ಳೋಣ. ಓದಿಗಾಗಿ ಊರು ಬಿಡುವುದು ಆ ಊರಿಗೆ ಹೊಸತಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಹತ್ತನೆಯ ಶತಮಾನದಲ್ಲಿಯೇ ವಿದ್ಯೆಯನ್ನು ಹುಡುಕಿಕೊಂಡು ಶ್ರವಣಬೆಳಗೊಳದವರೆಗೆ ಹೋದವನು. ಈಗಿನ ಹುಡುಗರು ಜಮಖಂಡಿಗೋ ಬಾಗಲಕೋಟೆಗೋ ಧಾರವಾಡಕ್ಕೋ ಹೋಗುತ್ತಾರೆ. ನಮ್ಮ ಹುಡುಗ ದೀಪಾವಳಿ ರಜೆಗೆ ಮನೆಗೆ ಬಂದಾಗ ಅವನ ಚೀಲದಲ್ಲಿ ಪೆನ್ನಿನಂಥ ಒಂದು ವಸ್ತು ತಂದೆಯ ಕೈಗೆ ಸಿಗುತ್ತದೆ.

“ಏನೋ ತಮ್ಮಾ ಇದು?”

“ಸಿಗರೇಟ್ ಅಲ್ಲಪ್ಪಾ. ಬರೇ ಉಗಿ ಬರತೈತಿ. ಗೆಳೆಯಾಂದು. ಡಬಲ್ ಕಾಯಿಲ್‌ದು, ಸಿಂಗಲ್‌ಗಿಂತ ಚಲೋ ಅಂತ.”

ಬೀಡಿ, ಗುಟ್ಕಾ, ನಶ್ಯ ಇವೆಲ್ಲ ತಂದೆಗೆ ಗೊತ್ತು. ಇದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಕಪಾಳಕ್ಕೆ ಹೊಡೆಯುವುದು ಸುಲಭ. ಅದರ ಬದಲು ಆತ, “ಡಬಲ್ ಕಾಯಿಲ್ ಅಂದ್ರ ಏನು? ಅದರಿಂದ ಏನು ಹೆಚ್ಚಿಗಿ ಆಗತೈತಿ?” ಎಂದು ಕೇಳಿದನೆನ್ನಿ. ಒಬ್ಬ ತಂದೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದೇ. ಹುಡುಗನ ಬಳಿ ಉತ್ತರ ಇರಲಾರದು. ಆದರೆ ಅವನ ಹಳೆಯ ಪಠ್ಯಪುಸ್ತಕದಲ್ಲಿ ಇದೆ.

ಮೊದಲು ವಸ್ತುವಿನ ಪರಿಚಯವಾಗಲಿ. ವಿದ್ಯುತ್ ಸಿಗರೇಟಿನ ಕಲ್ಪನೆ ಹಳೆಯದು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ ಹೊಗೆಯಿಲ್ಲದ ಸಿಗರೇಟಿಗೆ 1965ರಲ್ಲಿಯೇ ಪೇಟೆಂಟ್ ಪಡೆದಿದ್ದ, ಆದರೆ ಅದು ಮಾರುಕಟ್ಟೆಯ ಮುಖ ನೋಡಲಿಲ್ಲ. ಇಂದಿನ ಬಗೆಯದನ್ನು ರೂಪಿಸಿದವನು ಚೀನಾದ ಔಷಧಿಶಾಸ್ತ್ರಜ್ಞ ಹೊನ್ ಲಿಕ್, 2003ರಲ್ಲಿ. ಅದರಲ್ಲಿ ಇರುವುದು ಮೂರೇ ಭಾಗ: ಒಂದು ಲಿಥಿಯಂ ಬ್ಯಾಟರಿ, ಒಂದು ದ್ರವ, ಆ ದ್ರವವನ್ನು ಕಾಯಿಸುವ ಒಂದು ತಂತಿ. ದ್ರವ ತುಂಬುವ ಕೊಳವೆಯನ್ನೂ (ಕಾರ್ಟ್ರಿಜ್) ಕಾಯಿಸುವ ಭಾಗವನ್ನೂ (ಆಟಮೈಸರ್) ಒಂದೇ ಕೊಳವೆಯಲ್ಲಿ ಸೇರಿಸಿದಾಗ ಎರಡು ಹೆಸರುಗಳೂ ಸೇರಿ ‘ಕಾರ್ಟೊಮೈಸರ್’ ಎಂಬ ವಿಚಿತ್ರ ಹೆಸರು ಹುಟ್ಟಿತು. ಆಟಮೈಸರ್ ಎಂದ ಮಾತ್ರಕ್ಕೆ ಅದಕ್ಕೂ ಪರಮಾಣುವಿಗೂ ಸಂಬಂಧವಿದೆ ಎಂದು ಮಕ್ಕಳು ತಿಳಿಯಬಾರದು; ದ್ರವವನ್ನು ತೀರ ಸಣ್ಣ ಹನಿಗಳಾಗಿ ಮಾಡುವ ಸಾಧನ, ಅಷ್ಟೇ ಅದರ ಅರ್ಥ.

ಆ ಕೊಳವೆಯನ್ನು ಸೀಳಿದರೆ ಒಳಗೆ ದಿಂಬಿಗೆ ತುಂಬುವಂಥ ಪಾಲಿಯೆಸ್ಟರ್ ಹತ್ತಿ ಕಾಣುತ್ತದೆ. ದ್ರವವನ್ನು ಹೀರಿಕೊಂಡಿರುವುದು ಅದೇ. ನಡುವೆ ಗಾಳಿ ಹಾಯಲು ಸಣ್ಣ ನಳಿಕೆ. ಅದರಲ್ಲಿ ಬತ್ತಿಯ ಮೇಲೆ ನಾಲ್ಕಾರು ಸುತ್ತು ಸುತ್ತಿದ, ಕೂದಲಿನಷ್ಟು ಸಣ್ಣ ನೈಕ್ರೋಮ್ ತಂತಿ. ನಿಕಲ್ ಮತ್ತು ಕ್ರೋಮಿಯಂ ಸೇರಿದ ಈ ಮಿಶ್ರಲೋಹ ತಾಮ್ರಕ್ಕಿಂತ ಅರವತ್ತು ಪಟ್ಟಿಗೂ ಹೆಚ್ಚು ರೋಧಶೀಲತೆಯುಳ್ಳದ್ದು, ಕೆಂಪಗೆ ಕಾದರೂ ಬೇಗ ಉರಿದುಹೋಗುವುದಿಲ್ಲ. ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ನೀರು ಕಾಯಿಸುವ ಸಾಧನದವರೆಗೆ ಎಲ್ಲ ಕಡೆ ಇರುವುದು ಅದೇ ಜಾತಿಯ ತಂತಿ. ಒಂದೇ ಸುರುಳಿಯಿದ್ದರೆ ಸಿಂಗಲ್ ಕಾಯಿಲ್, ಎರಡಿದ್ದರೆ ಡಬಲ್ ಕಾಯಿಲ್. ಕಾರ್ಟೊಮೈಸರ್ 2010ರ ಆಸುಪಾಸಿನಲ್ಲಿ ಹೆಚ್ಚು ಚಾಲ್ತಿಯಲ್ಲಿತ್ತು. ಅನಂತರ ಬಂದ ಉಪಕರಣಗಳಲ್ಲಿ ಸುರುಳಿಯ ಜಾಗಕ್ಕೆ ಜರಡಿಯಂಥ ಲೋಹದ ಜಾಲರಿಯೂ ಬಂದಿದೆ. ಹೊರಗಿನ ಬಣ್ಣ, ಆಕಾರ, ಹೆಸರು ವರ್ಷಕ್ಕೊಂದು. ಒಳಗಿನ ಲೆಕ್ಕ ಒಂದೇ.

ಈಗ ಲೆಕ್ಕಕ್ಕೆ ಬರೋಣ. ಬ್ಯಾಟರಿಯ ವಿಭವಾಂತರ 3.7 ವೋಲ್ಟ್, ಒಂದು ಸುರುಳಿಯ ರೋಧ 3 ಓಮ್ ಎಂದು ಹಿಡಿಯಿರಿ. ಓಮ್‌ನ ನಿಯಮದಂತೆ ಹರಿಯುವ ವಿದ್ಯುತ್ 1.23 ಆಂಪಿಯರ್. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ಸಾಮರ್ಥ್ಯ ಸುಮಾರು 4.6 ವ್ಯಾಟ್. ಅಂಥದೇ ಇನ್ನೊಂದು ಸುರುಳಿಯನ್ನು ಅದರ ಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿ. ಒಟ್ಟು ರೋಧ ಅರ್ಧಕ್ಕಿಳಿದು 1.5 ಓಮ್ ಆಗುತ್ತದೆ. ವಿದ್ಯುತ್ 2.47 ಆಂಪಿಯರ್, ಸಾಮರ್ಥ್ಯ 9.1 ವ್ಯಾಟ್. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಪ್ರತಿ ಸುರುಳಿಯೂ ಮೊದಲಿನಷ್ಟೇ, ಅಂದರೆ 4.6 ವ್ಯಾಟಿನಷ್ಟೇ ಕಾಯುತ್ತಿದೆ. ಒಂದು ಒಲೆಯ ಬದಲು ಎರಡು ಒಲೆ ಹೊತ್ತಿಸಿದಂತೆ. ಒಲೆ ಎರಡಾದರೆ ಕಟ್ಟಿಗೆಯೂ ಎರಡು ಪಾಲು ಬೇಕು, ಗಡಿಗೆಯಲ್ಲಿರುವುದೂ ಎರಡು ಪಾಲು ಬತ್ತುತ್ತದೆ.

ಕಟ್ಟಿಗೆ ಎಂದರೆ ಇಲ್ಲಿ ಬ್ಯಾಟರಿ. ಅದು 650 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಎನ್ನಿ. ಒಂದು ಸುರುಳಿಗಾದರೆ ಲೆಕ್ಕದ ಪ್ರಕಾರ ಒಟ್ಟು 32 ನಿಮಿಷ ಉರಿಸಬಹುದು, ಎರಡಕ್ಕಾದರೆ 16 ನಿಮಿಷ. ಗಡಿಗೆಯಲ್ಲಿರುವುದೆಂದರೆ ನಿಕೋಟಿನ್ ಬೆರೆತ ದ್ರವ. ಅದು ಮಿಲಿಲೀಟರಿಗೆ 18 ಮಿಲಿಗ್ರಾಂ ನಿಕೋಟಿನ್ ಇರುವ ದ್ರವವಾಗಿದ್ದರೆ, ಒಂದು ಮಿಲಿಲೀಟರ್ ಹಿಡಿಯುವ ಕೊಳವೆಯಲ್ಲಿ ಇರುವುದು 18 ಮಿಲಿಗ್ರಾಂ. ಒಂದೇ ಹೊತ್ತು ಎಳೆದರೂ ಎರಡು ಸುರುಳಿಯದರಲ್ಲಿ ಹೆಚ್ಚುಕಡಿಮೆ ಎರಡು ಪಾಲು ದ್ರವ ಆವಿಯಾಗುತ್ತದೆ, ಎರಡು ಪಾಲು ನಿಕೋಟಿನ್ ಎದೆಯೊಳಕ್ಕೆ ಹೋಗುತ್ತದೆ. ‘ಡಬಲ್ ಕಾಯಿಲ್ ಚಲೋ’ ಎಂದು ಗೆಳೆಯ ಹೇಳಿದ್ದರ ಒಳ ಅರ್ಥ ಇದು. ಉಗಿ ದಟ್ಟವಾಗಿ ಬರುತ್ತದೆ ಎಂದು ಅವನು ಹೊಗಳಿದ. ದಟ್ಟವಾಗಿ ಬಂದದ್ದು ಏನು ಎಂದು ಹೇಳಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ಡಬ್ಬಿಯ ಮೇಲೆ ‘1.5 ಓಮ್’ ಎಂದಷ್ಟೇ ಬರೆದಿದ್ದರೆ ಅದು ಒಟ್ಟು ರೋಧ. ಒಳಗೆ 3 ಓಮಿನ ಎರಡು ಸುರುಳಿಗಳಿರಬಹುದು, 1.5 ಓಮಿನ ಒಂದೇ ಸುರುಳಿಯೂ ಇರಬಹುದು. ಬ್ಯಾಟರಿಯ ಮಟ್ಟಿಗೆ ಎರಡೂ ಒಂದೇ, ಎರಡರಲ್ಲಿಯೂ ವೆಚ್ಚ 9.1 ವ್ಯಾಟ್. ಆದರೆ ತಂತಿಯ ಮಟ್ಟಿಗೆ ಒಂದೇ ಅಲ್ಲ. ಅದೇ ದಪ್ಪದ ತಂತಿಯಲ್ಲಿ 1.5 ಓಮ್ ಬೇಕೆಂದರೆ ಉದ್ದವನ್ನು ಅರ್ಧಕ್ಕೆ ಇಳಿಸಬೇಕು. ಅರ್ಧ ಉದ್ದದ ತಂತಿಯ ಮೇಲೆ ಎರಡು ಪಾಲು ಉಷ್ಣ. ಅಂದರೆ ಪ್ರತಿ ಮಿಲಿಮೀಟರ್ ತಂತಿಯ ಪಾಲಿಗೆ ಬೀಳುವುದು ನಾಲ್ಕು ಪಟ್ಟು.

ಇದು ಪುಸ್ತಕದ ಮಾತಾಯಿತು ಎನ್ನುವವರು ಹಳೆಯ ಕಾಯಿಲ್ ಒಲೆಯನ್ನು ನೆನಪು ಮಾಡಿಕೊಳ್ಳಲಿ. ನಲವತ್ತು ದಾಟಿದ ಪಾಲಕರಲ್ಲಿ ಅನೇಕರು ಅದರ ಮೇಲೆ ಚಹಾ ಕಾಯಿಸಿರುತ್ತಾರೆ. ಮಣ್ಣಿನ ತಟ್ಟೆಯ ಗೆರೆಗಳಲ್ಲಿ ಸ್ಪ್ರಿಂಗಿನಂಥ ತಂತಿ. ಅದು ಒಂದು ಕಡೆ ಕಡಿಯಿತೆಂದರೆ ಹೊಸದು ತರುವ ಬದಲು ಎರಡೂ ತುದಿ ಎಳೆದು ತಿರುಚಿ ಜೋಡಿಸುವುದು ವಾಡಿಕೆ. ಒಲೆ ಮೊದಲಿಗಿಂತ ಜೋರಾಗಿ ಕಾಯುತ್ತಿತ್ತು, ‘ರಿಪೇರಿ ಮಾಡಿದ ಮೇಲೆ ಚಲೋ ಆತು’ ಎಂದು ಸಂತೋಷವೂ ಆಗುತ್ತಿತ್ತು. ಹದಿನೈದು ದಿನದಲ್ಲಿ ಮತ್ತೆ ಕಡಿಯುತ್ತಿತ್ತು. ಕಾರಣ ಸರಳ. ಹತ್ತರಲ್ಲಿ ಒಂದು ಪಾಲು ತಂತಿ ಹೋದರೆ ರೋಧ ಅಷ್ಟು ಕಡಿಮೆಯಾಗಿ ಒಟ್ಟು ಉಷ್ಣ ಶೇಕಡಾ 11ರಷ್ಟು ಏರುತ್ತದೆ, ಉಳಿದ ತಂತಿಯ ಪ್ರತಿ ಅಂಗುಲಕ್ಕೆ ಶೇಕಡಾ 23ರಷ್ಟು. ಪ್ರತಿ ರಿಪೇರಿಯೂ ಮುಂದಿನ ರಿಪೇರಿಯನ್ನು ಹತ್ತಿರಕ್ಕೆ ತರುತ್ತಿತ್ತು. ಇದಕ್ಕೆ ಕಾರಣವಾದ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಗೇಯೋರ್ಗ್ ಓಮ್ ಜರ್ಮನಿಯ ಒಬ್ಬ ಶಾಲಾ ಮಾಸ್ತರ. ಮಾಸ್ತರರಿಗೆ ಹೆಮ್ಮೆಯ ವಿಷಯವೇ ಸರಿ.

ಹಾಗಿದ್ದರೆ ಎರಡು ಸುರುಳಿ ಒಳ್ಳೆಯದೇ ಆಯಿತಲ್ಲ, ಉಷ್ಣ ಹಂಚಿಹೋಗುತ್ತದೆ, ತಂತಿ ತಂಪಾಗಿರುತ್ತದೆ ಎಂದು ಜಾಣ ಹುಡುಗ ಕೇಳಬಹುದು. ಬತ್ತಿ ಒದ್ದೆಯಾಗಿರುವವರೆಗೆ ಆ ಮಾತು ನಿಜ. ಮುಧೋಳದ ಸುತ್ತಿನ ಕಬ್ಬಿನ ಸೀಮೆಯಲ್ಲಿ ಬೆಲ್ಲದ ಗಾಣ ನೋಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ರಸ ತೆಳ್ಳಗಿರುವಷ್ಟು ಹೊತ್ತು ಕೆಳಗೆ ಎಷ್ಟೇ ಉರಿ ಹಾಕಿದರೂ ಅದು ಕುದಿಯುತ್ತದೆಯೇ ಹೊರತು ಸುಡುವುದಿಲ್ಲ. ಬಂದ ಉಷ್ಣವನ್ನೆಲ್ಲ ನೀರು ಆವಿಯಾಗಲು ಬಳಸಿಕೊಳ್ಳುತ್ತದೆ. ರಸ ಗಟ್ಟಿಯಾಗುತ್ತ ಬಂದಾಗ ಉರಿ ತಗ್ಗಿಸದಿದ್ದರೆ ತಳ ಹತ್ತಿ ಬೆಲ್ಲ ಕರ್ರಗಾಗುತ್ತದೆ. ಕಾರ್ಟೊಮೈಸರಿನ ಬತ್ತಿಯದೂ ಇದೇ ಕಥೆ. ಎರಡು ಸುರುಳಿಗಳು ದ್ರವವನ್ನು ಬೇಗ ಬೇಗ ಎಳೆಯುವುದರಿಂದ ಹತ್ತಿ ಬೇಗ ಒಣಗುತ್ತದೆ. ಅದೂ ಎರಡೂ ಕಡೆ ಸಮವಾಗಿ ಒಣಗುತ್ತದೆ ಎಂಬ ಭರವಸೆ ಇಲ್ಲ. ಒಂದು ಸುರುಳಿ ಒದ್ದೆಯಾಗಿದ್ದು ಉಗಿ ಬರುತ್ತಿರುವಾಗಲೇ ಪಕ್ಕದ ಸುರುಳಿಯ ತಳ ಹತ್ತಬಹುದು. ಗಾಣದವನಿಗೆ ಕೊಪ್ಪರಿಗೆ ಕಣ್ಣೆದುರೇ ಇರುತ್ತದೆ, ಸೇದುವವನಿಗೆ ತನ್ನ ಕೊಳವೆಯ ಒಳಗು ಕಾಣುವುದಿಲ್ಲ.

ತಳ ಹತ್ತಿದಾಗ ಆಗುವುದೇನು? ಆ ದ್ರವದಲ್ಲಿ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದರ ಕುದಿಬಿಂದು 188 ಡಿಗ್ರಿ, ಎರಡನೆಯದರದು 290 ಡಿಗ್ರಿ ಸೆಲ್ಸಿಯಸ್. ನಡುವೆ ನಿಕೋಟಿನ್, 247 ಡಿಗ್ರಿ. ನೀರು ಕಾಯಿಸಿದಂತಲ್ಲ ಇದು. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಗ್ಲಿಸರಿನ್ ಗುರುತಿಸುವ ಪರೀಕ್ಷೆ ನೆನಪಿರಬಹುದು. ಪೊಟ್ಯಾಸಿಯಂ ಬೈಸಲ್ಫೇಟ್ ಜೊತೆ ಕಾಯಿಸಿದರೆ ಗ್ಲಿಸರಿನ್ ನೀರನ್ನು ಕಳೆದುಕೊಂಡು ಅಕ್ರೋಲೀನ್ ಆಗುತ್ತದೆ. ಪರೀಕ್ಷಾ ನಳಿಕೆಯ ಬಾಯಿಗೆ ಮೂಗು ಒಡ್ಡಿದ ಹುಡುಗ ಕಣ್ಣೀರು ಸುರಿಸಿಕೊಂಡು ಹಿಂದೆ ಸರಿಯುತ್ತಾನೆ. ಮನೆಯಲ್ಲಿ ಬಾಣಲೆಯ ಎಣ್ಣೆ ಮಿತಿಮೀರಿ ಕಾದಾಗ ಅಡುಗೆಮನೆ ತುಂಬ ಹರಡುವ, ಗಂಟಲು ಕೆರೆಯುವ ವಾಸನೆಯಲ್ಲಿಯೂ ಅದೇ ಅಕ್ರೋಲೀನ್ ಇದೆ. ಅಮ್ಮ ಆಗ ಕಿಟಕಿ ತೆರೆಯುತ್ತಾಳೆ. ಯಾರೂ ಬಾಣಲೆಗೆ ಬಾಯಿಟ್ಟು ಅದನ್ನು ಎಳೆದುಕೊಳ್ಳುವುದಿಲ್ಲ.

ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಪ್ರಸ್ತುತ. ಇಂಥ ಉಪಕರಣವನ್ನು 3.3 ವೋಲ್ಟಿನಲ್ಲಿ ಓಡಿಸಿದಾಗ ಅವರಿಗೆ ಫಾರ್ಮಾಲ್ಡಿಹೈಡಿನ ಸಂಯುಕ್ತ ಸಿಗಲಿಲ್ಲ. 5 ವೋಲ್ಟಿಗೆ ಏರಿಸಿದಾಗ ಸಿಕ್ಕಿತು. ಫಾರ್ಮಾಲ್ಡಿಹೈಡ್ ಎಂದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ಫಾರ್ಮಲಿನ್‌ನ ಮೂಲವಸ್ತು, ಕ್ಯಾನ್ಸರ್‌ಕಾರಕವೆಂದು ಗೊತ್ತಾಗಿರುವಂಥದು. ವೋಲ್ಟು ಏರಿದ್ದು ಒಂದೂವರೆ ಪಟ್ಟು ಮಾತ್ರ, ಆದರೆ ಉಷ್ಣ ವೋಲ್ಟಿನ ವರ್ಗಕ್ಕೆ ಅನುಪಾತದಲ್ಲಿ ಏರುವುದರಿಂದ ಅದು ಎರಡೂಕಾಲು ಪಟ್ಟಿಗಿಂತ ಹೆಚ್ಚಾಯಿತು. ಈ ಪ್ರಯೋಗಕ್ಕೆ ಆಕ್ಷೇಪವೂ ಬಂತು: ಅಷ್ಟು ಕಾದರೆ ಬಾಯಿಗೆ ಸುಟ್ಟ ಕಹಿ ಬರುತ್ತದೆ, ಯಾರೂ ಅದನ್ನು ಸೇದುತ್ತ ಕೂರುವುದಿಲ್ಲ ಎಂದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಹಣ್ಣಿನ, ಪುದೀನದ, ಮಿಠಾಯಿಯ ರುಚಿ ಬೆರೆಸಿದ ದ್ರವದಲ್ಲಿ ಕಹಿ ಯಾವಾಗ ಶುರುವಾಯಿತೆಂದು ಹದಿನಾರರ ಹುಡುಗನ ನಾಲಿಗೆ ಪ್ರತಿ ಸಲವೂ ಹೇಳೀತೇ?

ತಂತಿಯ ಕಡೆಯಿಂದಲೂ ಕಾಣಿಕೆ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಸಂಶೋಧಕರು ಕಾರ್ಟೊಮೈಸರುಗಳನ್ನೇ ಆರಿಸಿಕೊಂಡು ಬಿಚ್ಚಿ ನೋಡಿ 2013ರಲ್ಲಿ ವರದಿ ಮಾಡಿದರು. ದ್ರವದಲ್ಲಿ ಮತ್ತು ಹೊರಬಂದ ತುಂತುರಿನಲ್ಲಿ ತವರ, ನಿಕಲ್ ಮೊದಲಾದ ಲೋಹಗಳ ಕಣಗಳೂ ಸಿಲಿಕೇಟ್ ಕಣಗಳೂ ಇದ್ದವು. ತವರ ಎಲ್ಲಿಂದ ಬಂತು? ತಂತಿಯನ್ನು ಜೋಡಿಸಲು ಹಾಕಿದ ಬೆಸುಗೆಯಿಂದ. ಸುರುಳಿ ಎರಡಾದಾಗ ತಂತಿಯೂ ಎರಡು, ಕೂಡಿಸಬೇಕಾದ ತುದಿಗಳೂ ನಾಲ್ಕು.

‘ಬರೇ ಉಗಿ’ ಎಂಬ ಮಾತು ಉಳಿಯಿತು. ನಿಜವಾದ ಹಬೆ ಕಣ್ಣಿಗೆ ಕಾಣುವುದೇ ಇಲ್ಲ. ಇಡ್ಲಿ ಪಾತ್ರೆಯ ಮುಚ್ಚಳದ ತೂತಿನಿಂದ ಹೊರಬೀಳುವ ಹಬೆಯನ್ನು ಗಮನಿಸಿ: ತೂತಿನ ತೀರ ಹತ್ತಿರ ಏನೂ ಕಾಣದು, ಬೆರಳಿನಷ್ಟು ಮೇಲೆ ಬಿಳಿಯಾಗಿ ಕಾಣುತ್ತದೆ. ಆ ಬಿಳಿಯದು ಆವಿಯಲ್ಲ, ಆವಿ ತಂಪಾಗಿ ಆದ ಸಣ್ಣ ಹನಿಗಳು. ಈ ಉಪಕರಣದ ‘ಉಗಿ’ಯೂ ಹಾಗೆಯೇ ಗ್ಲಿಸರಿನ್, ಗ್ಲೈಕಾಲ್, ನಿಕೋಟಿನ್, ಸುವಾಸನೆಯ ರಾಸಾಯನಿಕಗಳ ಹನಿಗಳ ಮೋಡ. ಇವೆಲ್ಲ ತಿನ್ನುವ ಪದಾರ್ಥಗಳಲ್ಲಿಯೂ ಇರುತ್ತವಲ್ಲ ಎಂಬ ವಾದ ಕೇಳಿಬರುತ್ತದೆ. ಹೊಟ್ಟೆಗೆ ಒಗ್ಗಿದ್ದು ಪುಪ್ಪುಸಕ್ಕೆ ಒಗ್ಗಲೇಬೇಕೆಂದಿಲ್ಲ. ಅಮೆರಿಕದ ಮಿಸೌರಿಯ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಲ್ಲಿ ಶ್ವಾಸನಾಳದ ಸಣ್ಣ ಕವಲುಗಳು ಕಟ್ಟಿಹೋಗುವ ಕಾಯಿಲೆ 2000ದಲ್ಲಿ ಬೆಳಕಿಗೆ ಬಂತು. ಕಾರಣವೆಂದು ಗೊತ್ತಾದದ್ದು ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್. ಅದನ್ನು ತಿಂದವರಿಗೆ ಏನೂ ಆಗಿರಲಿಲ್ಲ. ಅದರ ಆವಿಯಲ್ಲಿ ಉಸಿರಾಡಿದವರು ಕಾಯಿಲೆ ಬಿದ್ದರು.

ನಿಕೋಟಿನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಮೆದುಳನ್ನು ಮುಟ್ಟುತ್ತದೆ. ಮೆದುಳಿನ ಬೆಳವಣಿಗೆ ಸುಮಾರು 25ನೆಯ ವಯಸ್ಸಿನವರೆಗೂ ನಡೆದಿರುವುದರಿಂದ ಎಳೆಯ ವಯಸ್ಸಿನಲ್ಲಿ ಚಟ ಬೇಗ ಹತ್ತುತ್ತದೆ, ಬಿಡುವುದು ಕಷ್ಟವಾಗುತ್ತದೆ. ಇದು ಚರ್ಮದ ಮೂಲಕವೂ ಒಳಹೋಗಬಲ್ಲದು. ಮಳೆಯಲ್ಲಿ ನೆಂದ ಹೊಗೆಸೊಪ್ಪಿನ ಎಲೆ ಕೀಳುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ದ್ರವದ ಶೀಶೆ ಕೂಸುಗಳ ಕೈಗೆ ಸಿಕ್ಕರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಬಹುದು.

ಈ ಸೀಮೆಗೆ ಹೊಗೆಸೊಪ್ಪಿನ ನಂಟು ಹಳೆಯದು. 1997ರವರೆಗೆ ಮುಧೋಳ ತಾಲ್ಲೂಕು ಬಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಅದೇ ಬಿಜಾಪುರದಲ್ಲಿ 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡು, ರತ್ನಖಚಿತ ಕೊಳವೆಯೊಂದಿಗೆ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಅವನೇ ಬರೆದಿಟ್ಟಿರುವ ಪ್ರಕಾರ ಅಕ್ಬರ ಕುತೂಹಲದಿಂದ ಒಂದೆರಡು ಸಲ ಎಳೆದ. ಆಸ್ಥಾನದ ಹಕೀಮರು ತಡೆದರು. ನಮ್ಮ ವೈದ್ಯರು ಪರೀಕ್ಷಿಸದ ವಸ್ತುವನ್ನು ಯುರೋಪಿನವರು ಸೇದುತ್ತಾರೆಂಬ ಕಾರಣಕ್ಕೆ ಸೇದಬಾರದು ಎಂಬುದು ಅವರ ವಾದವಾಗಿತ್ತು. ಆಸ್ಥಾನದ ಸರದಾರರು ಹಕೀಮರ ಮಾತು ಕೇಳಲಿಲ್ಲ, ಕೊಳವೆಗೆ ಮುಗಿಬಿದ್ದರು. 1617ರಲ್ಲಿ ಜಹಾಂಗೀರ ಹೊಗೆಸೊಪ್ಪನ್ನು ನಿಷೇಧಿಸಿದಾಗ ಕಾಲ ಮಿಂಚಿತ್ತು. ಇಂದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸುತ್ತ ಬೀಡಿ ತಂಬಾಕು, ಮೈಸೂರಿನ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಸಿಗರೇಟಿನ ತಂಬಾಕು ಬೆಳೆಯುತ್ತದೆ. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅದೇ ಸಮೀಕ್ಷೆಯಲ್ಲಿ ಇಡೀ ದೇಶದಲ್ಲಿ ವಿದ್ಯುತ್ ಸಿಗರೇಟಿನ ಹೆಸರು ಕೇಳಿದ್ದವರು ಶೇಕಡಾ 3, ಬಳಸುತ್ತಿದ್ದವರು ಶೇಕಡಾ 0.02 ಮಾತ್ರ.

ಹೊಸ ಚಟ ಹೀಗೆ ಮೊಳಕೆಯಲ್ಲಿರುವಾಗಲೇ ಈ ಸಲ ಹಕೀಮರ ಮಾತು ನಡೆಯಿತು. ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲಿ ವಿದ್ಯುತ್ ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ವರ್ಷದ ಕೊನೆಗೆ ಅದನ್ನು ಕಾಯಿದೆಯಾಗಿಸಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲಕ್ಕೂ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸಜೆ ಮತ್ತು 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಸಜೆ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗೆಳೆಯರಿಗೆಂದು ನಾಲ್ಕು ತರಿಸಿ ದುಡ್ಡು ಪಡೆದು ಹಂಚಿದ ಹಾಸ್ಟೆಲ್ ಹುಡುಗನಿಗೆ ತಾನು ‘ಮಾರಾಟಗಾರ’ನಾದೆನೆಂಬುದು ತಿಳಿದಿರುವುದಿಲ್ಲ.

ಬೇರೆ ದೇಶಗಳಲ್ಲಿ ಇದು ಸಿಗುತ್ತದಲ್ಲ ಎಂಬ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಬ್ರಿಟನ್ನಿನ ವೈದ್ಯರು, ಸಿಗರೇಟು ಬಿಡಲಾಗದ ವಯಸ್ಕರಿಗೆ ಸಿಗರೇಟಿಗಿಂತ ಇದು ಕಡಿಮೆ ಹಾನಿಕರ ಎನ್ನುತ್ತಾರೆ. ಆ ಮಾತು ಸೇದುತ್ತಿರುವವನಿಗೆ ಹೇಳಿದ್ದು, ಸೇದದೇ ಇರುವ ಹುಡುಗನಿಗಲ್ಲ. ಅಲ್ಲಿಯೂ 18 ತುಂಬದವರಿಗೆ ಇದನ್ನು ಮಾರುವಂತಿಲ್ಲ. ಒಮ್ಮೆ ಬಳಸಿ ಎಸೆಯುವ ಬಗೆಯದನ್ನು 2025ರ ಜೂನ್ 1ರಿಂದ ಅಲ್ಲಿಯೂ ನಿಷೇಧಿಸಿದ್ದಾರೆ.

ರನ್ನ ಬೆಳಗಲಿಯ ಆ ಮನೆಗೆ ಮರಳೋಣ. ತಂದೆಯ ಪ್ರಶ್ನೆಗೆ ಹುಡುಗ ಕಾಗದದ ಮೇಲೆ ಉತ್ತರ ಬರೆದಿದ್ದಾನೆ: ಒಂದು ಸುರುಳಿ 4.6 ವ್ಯಾಟ್, ಎರಡು ಸುರುಳಿ 9.1 ವ್ಯಾಟ್. “ಹಂಗಾರ ಎರಡು ಪಟ್ಟು ಸುಡತೈತಿ ಅಂದಂಗಾತು” ಎಂದು ತಂದೆ. ಹುಡುಗ ಸುಮ್ಮನಿದ್ದಾನೆ. ಅಜ್ಜಿ ಒಳಗಿನಿಂದ, “ಏನದು? ಒಲೀಗೆ ಒಗದು ಬಿಡ್ರಿ ಅತ್ಲಾಗ” ಎನ್ನುತ್ತಾಳೆ.

ಅದೊಂದನ್ನು ಮಾತ್ರ ಮಾಡಬಾರದು. ಒಳಗಿರುವುದು ಲಿಥಿಯಂ ಬ್ಯಾಟರಿ. ಬೆಂಕಿಗೆ ಬಿದ್ದರೆ ಸಿಡಿಯುತ್ತದೆ, ಸುತ್ತಿಗೆಯಿಂದ ಜಜ್ಜಿದರೂ ಹೊತ್ತಿಕೊಳ್ಳುತ್ತದೆ. ಕಿಸೆಯಲ್ಲಿ ನಾಣ್ಯ, ಬೀಗದ ಕೈಗಳ ಜೊತೆ ಸೇರಿ ಅದರ ಎರಡು ಧ್ರುವಗಳು ಕೂಡಿದರೆ ರೋಧ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಓಮ್ ಮಾಸ್ತರರ ನಿಯಮ ಅಲ್ಲಿಯೂ ತನ್ನ ಕೆಲಸ ಮಾಡುತ್ತದೆ. ದ್ರವದ ಕೊಳವೆಯನ್ನು ಕೈಗೆ ತಾಗದಂತೆ ತಿರುವಿ ಬೇರ್ಪಡಿಸಿ, ಬ್ಯಾಟರಿಯ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಹಳೆಯ ಮೊಬೈಲ್ ಬ್ಯಾಟರಿಗಳೊಂದಿಗೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಅಲ್ಲಿಯವರೆಗೆ ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಮಕ್ಕಳ ಕೈಗೆ ಎಟುಕದಂತೆ, ಒಲೆಯಿಂದ ದೂರ, ಎತ್ತರದ ಮಾಡದಲ್ಲಿ ಇಟ್ಟಿರಬಹುದು.